ಮೌನವೇ ಕಟ್ಟಿತು, ಮೌನವೇ ಮುರಿಯಿತು

2007ರ ಬೇಸಿಗೆ. ಉದ್ಯೋಗದ ನಿಮಿತ್ತ ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನಲ್ಲಿ ಕೆಲವು ತಿಂಗಳು ಇರಬೇಕಾಗಿ ಬಂದಿತ್ತು. ಬೇಸಿಗೆ ಎಂಬುದು ಕ್ಯಾಲೆಂಡರಿನ ಮಾತಷ್ಟೆ. ಆ ವರ್ಷ ಅಲ್ಲಿ ನಮ್ಮ ಮಡಿಕೇರಿಯ ಆಷಾಢವನ್ನು ನೆನಪಿಸುವಂಥ ಮಳೆ. ಒಂದು ಶನಿವಾರ ನೆನೆಯುವುದನ್ನು ತಪ್ಪಿಸಿಕೊಳ್ಳಲು ದ ಹೇಯ್ಸ್ ಬೀದಿಯಲ್ಲಿದ್ದ ‘ಸ್ಪಿಲರ್ಸ್’ ಎಂಬ ಧ್ವನಿಮುದ್ರಿಕೆಗಳ ಅಂಗಡಿಗೆ ನುಗ್ಗಿದೆ. 1894ರಲ್ಲಿ ಆರಂಭವಾದ ಅದು ಜಗತ್ತಿನ ಅತ್ಯಂತ ಹಳೆಯ ರೆಕಾರ್ಡ್ ಅಂಗಡಿ ಎಂದು ಹೆಸರಾಗಿತ್ತು. ಒಳಗೆ ಏನೋ ಹಾಡು ಕೇಳಿಬರುತ್ತಿತ್ತು. ಯಂತ್ರ ಕೆಟ್ಟಿರಬೇಕು ಎಂದುಕೊಂಡೆ. ಗಡಿಯಾರದ ಮುಳ್ಳಿನಂಥ ಟಿಕ್ ಟಿಕ್ ಸದ್ದು, ತಡೆದು ತಡೆದು ಮೀಟಿದ ಗಿಟಾರಿನ ತಂತಿ, ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ಗುನುಗುತ್ತಿರುವಂಥ ಒಂದು ಹೆಣ್ಣು ದನಿ. ಸ್ವರಗಳಿಗಿಂತ ಅವುಗಳ ನಡುವಿನ ಖಾಲಿ ಜಾಗವೇ ಹೆಚ್ಚೆನಿಸುವಂಥ ಹಾಡು.

ಯಾರ ಹಾಡು ಎಂದು ಅಂಗಡಿಯ ಹುಡುಗನನ್ನು ಕೇಳಿದೆ. ‘ಯಂಗ್ ಮಾರ್ಬಲ್ ಜಯಂಟ್ಸ್, ಇದೇ ಊರಿನವರು’ ಎಂದ. ದನಿಯಲ್ಲಿ ತನ್ನ ಓಣಿಯ ಹುಡುಗರ ಬಗ್ಗೆ ಹೇಳುವಾಗಿನ ಹೆಮ್ಮೆಯಿತ್ತು. 1978ರಲ್ಲಿ ಕಾರ್ಡಿಫ್‌ನಲ್ಲಿ ಹುಟ್ಟಿದ ಈ ತಂಡ 1980 ಮುಗಿಯುವ ಹೊತ್ತಿಗೆ ಮುಗಿದೇಹೋಗಿತ್ತು. ಆ ಅವಧಿಯ ಸಾಧನೆ ಎಂದರೆ ‘ಕಲಾಸಲ್ ಯೂತ್’ ಎಂಬ ಒಂದೇ ಆಲ್ಬಂ, ಜೊತೆಗೆ ಎರಡು ಕಿರುಮುದ್ರಿಕೆಗಳು. ಎಲ್ಲವನ್ನೂ ಒಂದರ ಹಿಂದೊಂದು ಕೇಳಿದರೆ ಹೆಚ್ಚುಕಡಿಮೆ ಒಂದು ಗಂಟೆ. ಇಷ್ಟು ಕಡಿಮೆ ಮಾಡಿ, ಇಷ್ಟು ಬೇಗ ಮುಗಿದ ತಂಡವೊಂದನ್ನು ನಾಲ್ಕು ದಶಕಗಳಿಗೂ ಹೆಚ್ಚು ಕಾಲದಿಂದ ಜನ ಹುಡುಕಿ ಕೇಳುತ್ತಿರುವುದು ಏಕೆ? ಈ ಪ್ರಶ್ನೆ ಅಂದಿನಿಂದ ನನ್ನ ಬೆನ್ನು ಬಿಟ್ಟಿಲ್ಲ.

ನಮ್ಮಲ್ಲಿ ಎರಡು ಗಾದೆಗಳಿವೆ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತದೆ ಒಂದು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತದೆ ಇನ್ನೊಂದು. ಚಿಕ್ಕಂದಿನಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಬಾಯಿಪಾಠ ಮಾಡಿದ ನಾವು ಅವೆರಡರ ನಡುವಿನ ವಿರೋಧವನ್ನು ಗಮನಿಸುವುದೇ ಇಲ್ಲ. ಈ ಪುಟ್ಟ ತಂಡದ ಕಥೆಯಲ್ಲಿ ಆ ಎರಡೂ ಗಾದೆಗಳು ನಿಜವಾಗಿವೆ. ಮೊದಲನೆಯದು ಅವರ ಸಂಗೀತದಲ್ಲಿ, ಎರಡನೆಯದು ಅವರ ಬದುಕಿನಲ್ಲಿ.

ಕಾರ್ಡಿಫ್ ಒಂದು ಕಾಲದಲ್ಲಿ ಕಲ್ಲಿದ್ದಲಿನ ರಫ್ತಿಗೆ ಜಗತ್ತಿನಲ್ಲೇ ಹೆಸರಾದ ಬಂದರು. ಮೊದಲನೆಯ ಮಹಾಯುದ್ಧದ ನಂತರ ಆ ವೈಭವ ಇಳಿಯುತ್ತ ಬಂತು. 1978ರಲ್ಲಿ, ಅಂದರೆ ನಮ್ಮ ತಂಡ ಹುಟ್ಟಿದ ವರ್ಷವೇ, ನಗರದ ಈಸ್ಟ್ ಮೂರ್ಸ್ ಉಕ್ಕಿನ ಕಾರ್ಖಾನೆ ಬಾಗಿಲು ಮುಚ್ಚಿ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಮರುವರ್ಷದ ಮೇ ತಿಂಗಳಲ್ಲಿ ಮಾರ್ಗರೆಟ್ ಥ್ಯಾಚರ್ ಅಧಿಕಾರಕ್ಕೆ ಬಂದರು. ಸಿಟ್ಟಿಗೆ ಕಾರಣಗಳು ಬೇಕಾದಷ್ಟಿದ್ದವು. ಆ ಸಿಟ್ಟಿಗೆ ಪಂಕ್ ಎಂಬ ಸಂಗೀತ ಅದಾಗಲೇ ಲಂಡನ್ನಿನಲ್ಲಿ ದನಿ ಕೊಟ್ಟಿತ್ತು. ಪಂಕ್ ಎಂದರೆ ಅಬ್ಬರ, ಕಿರುಚು, ಮೂರು ಸ್ವರಮೇಳಗಳ ಸಿಡಿಮದ್ದು. ಇತ್ತ ವೇಲ್ಸ್ ಕೂಡ ಸದ್ದಿಗೆ ಹೊಸದಲ್ಲ. ‘ಹಾಡಿನ ನಾಡು’ ಎಂದೇ ಕರೆಸಿಕೊಳ್ಳುವ ಅಲ್ಲಿ ಗಣಿಕಾರ್ಮಿಕರ ಗಂಡಸರ ಮೇಳಗಳು ತುಂಬುಕಂಠದಿಂದ ಹಾಡುವ ದೊಡ್ಡ ಪರಂಪರೆಯೇ ಇದೆ. ಹೀಗೆ ಎರಡು ಬಗೆಯ ಗಟ್ಟಿದನಿಗಳ ನಡುವೆ ಮೂವರು ಯುವಜನರು ದನಿ ತಗ್ಗಿಸಲು ತೀರ್ಮಾನಿಸಿದರು.

ಆ ಮೂವರಲ್ಲಿ ಇಬ್ಬರು ಅಣ್ಣತಮ್ಮಂದಿರು. ಅಣ್ಣ ಸ್ಟೂವರ್ಟ್ ಮಾಕ್ಸಮ್ ಗಿಟಾರ್ ಮತ್ತು ಆರ್ಗನ್ ನುಡಿಸುತ್ತಿದ್ದರು. ಬಹುಪಾಲು ಹಾಡುಗಳನ್ನು ಬರೆದವರೂ ಅವರೇ. ತಮ್ಮ ಫಿಲಿಪ್ ಮಾಕ್ಸಮ್ ಬಾಸ್ ಗಿಟಾರ್ ನುಡಿಸುತ್ತಿದ್ದರು. ಹಾಡುತ್ತಿದ್ದವರು ಆಲಿಸನ್ ಸ್ಟಾಟನ್. ಇದಕ್ಕೆ ಮುಂಚೆ ಬೇರೆಯವರ ಹಾಡುಗಳನ್ನು ನುಡಿಸುವ ಒಂದು ಸ್ಥಳೀಯ ತಂಡದಲ್ಲಿ ಇವರು ಜೊತೆಗಿದ್ದರು. ಅದು ನಿಂತ ಮೇಲೆ, ತಮ್ಮದೇ ಹಾಡು, ತಮ್ಮದೇ ರೀತಿ ಎಂದು ಹೊರಟರು. ತಾಳವಾದ್ಯಕ್ಕೆ ಜನ ಇರಲಿಲ್ಲ. ಹತ್ತಿರದ ಬಂಧುವೊಬ್ಬರು ಬಿಡಿಭಾಗಗಳನ್ನು ಜೋಡಿಸಿ ಒಂದು ತಾಳಯಂತ್ರ ಮಾಡಿಕೊಟ್ಟರು. ಅದರ ಲಯವನ್ನು ಕ್ಯಾಸೆಟ್ಟಿಗೆ ತುಂಬಿಕೊಂಡು, ವೇದಿಕೆಯ ಮೇಲೆ ಆ ಕ್ಯಾಸೆಟ್ಟಿನ ಜೊತೆಗೆ ನುಡಿಸುತ್ತಿದ್ದರು. ಡ್ರಮ್ ಬಾರಿಸುವವನೇ ಇಲ್ಲದ ರಾಕ್ ತಂಡವನ್ನು ಅಂದಿನ ಸಭಿಕರು ಹೇಗೆ ನೋಡಿರಬಹುದು, ಊಹಿಸಿಕೊಳ್ಳಿ.

ಸಂಗೀತದ ಒಳಗುಟ್ಟು ಬಹಳ ಸರಳ. ಸ್ಟೂವರ್ಟ್ ತಂತಿಗಳ ಬುಡದಲ್ಲಿ ಅಂಗೈಯನ್ನು ಒರಗಿಸಿ ಮೀಟುತ್ತಾರೆ. ಹಾಗಾಗಿ ನಾದ ಹಬ್ಬುವುದಿಲ್ಲ, ಹುಟ್ಟಿದಲ್ಲೇ ಮುಗಿಯುತ್ತದೆ. ಸಾಮಾನ್ಯವಾಗಿ ಹಿಂದೆ ನಿಂತು ಆಧಾರ ಕೊಡುವ ಬಾಸ್ ಗಿಟಾರ್ ಇಲ್ಲಿ ಮುಂದೆ ಬಂದು ರಾಗವನ್ನು ಹೊರುತ್ತದೆ. ಎಲ್ಲೋ ಒಮ್ಮೆ ಆರ್ಗನ್ನಿನ ಒಂದೆಳೆ. ಇವೆಲ್ಲದರ ನಡುವೆ ಆಲಿಸನ್ ಅವರ ದನಿ. ಅದರಲ್ಲಿ ಅಲಂಕಾರವಿಲ್ಲ, ಕಂಪನವಿಲ್ಲ, ಅಳುವಿಲ್ಲ. ಬಸ್ ನಿಲ್ದಾಣದಲ್ಲಿ ಕಾಯುತ್ತ ನಿಂತವರು ಹಾಡಿಕೊಂಡಂತೆ ಆಲಿಸನ್ ಹಾಡುತ್ತಾರೆ ಎಂಬರ್ಥದ ಮಾತನ್ನು ಸ್ಟೂವರ್ಟ್ ಒಮ್ಮೆ ಆಡಿದ್ದರು. ಅದು ಮೆಚ್ಚುಗೆಯೋ ಅಸಮಾಧಾನವೋ ಹೇಳುವುದು ಕಷ್ಟ. ಕೇಳುವವರಿಗಂತೂ ಆ ಸಾದಾತನವೇ ನಂಬಿಕೆ ಹುಟ್ಟಿಸಿತು. ನೋವಿನ ಮಾತನ್ನು ನೋವಿನ ದನಿಯಲ್ಲಿ ಹೇಳದೆ ಇದ್ದಾಗ ಅದು ಹೆಚ್ಚು ಆಳಕ್ಕೆ ಇಳಿಯುತ್ತದೆ ಎಂಬುದು ನಮ್ಮ ಮನೆಯ ಹಿರಿಯ ಹೆಂಗಸರನ್ನು ಬಲ್ಲವರಿಗೆ ಹೊಸ ಸಂಗತಿಯೇನಲ್ಲ.

ತಂಡದ ಹೆಸರಿನ ಅರ್ಥ ‘ಅಮೃತಶಿಲೆಯ ಯುವದೈತ್ಯರು’ ಎಂದು. ಪ್ರಾಚೀನ ಗ್ರೀಕರು ಕಡೆದ ‘ಕೂರೊಸ್’ ಎಂಬ ಯುವಕರ ಪ್ರತಿಮೆಗಳಿವೆ. ಎರಡೂ ತೋಳುಗಳನ್ನು ಮೈಗೆ ಆನಿಸಿ, ಒಂದು ಹೆಜ್ಜೆ ಮುಂದಿಟ್ಟು, ಏನನ್ನೂ ಹೇಳದೆ ನಿಂತ ಶಿಲ್ಪಗಳು ಅವು. ಶಿಲ್ಪಕಲೆಯ ಪುಸ್ತಕವೊಂದರಲ್ಲಿ ಅವುಗಳ ವರ್ಣನೆ ಓದಿದ್ದರಿಂದಲೇ ತಂಡದ ಹೆಸರೂ ಆಲ್ಬಮ್ಮಿನ ಹೆಸರೂ ಹೊಳೆದವು. ದೈತ್ಯರೆಂದು ಕರೆದುಕೊಂಡವರು ಪಿಸುಮಾತಿನಲ್ಲಿ ಹಾಡುವುದು ಒಂದು ತಮಾಷೆಯಂತೆ ಕಾಣಬಹುದು. ಆದರೆ ಆ ಶಿಲೆಗಳ ನಿಶ್ಚಲತೆಗೂ ಈ ಹಾಡುಗಳಿಗೂ ಒಂದು ನಂಟಿದೆ ಎಂದು ನನಗೆ ಯಾವಾಗಲೂ ಅನಿಸಿದೆ.

ಇಂಥ ಸಂಗೀತವನ್ನು ದೊಡ್ಡ ಕಂಪನಿಯೊಂದು ಹೊರತರುವುದು ಆಗ ಊಹೆಗೂ ನಿಲುಕದ ಮಾತು. ಇದು ಸಾಧ್ಯವಾದದ್ದು ‘ಇಂಡಿ’ ಎಂಬ ವ್ಯವಸ್ಥೆಯಿಂದ. ಇಂದು ಇಂಡಿ ಎಂದರೆ ಒಂದು ಬಗೆಯ ಸಂಗೀತಶೈಲಿ ಎಂದೇ ಹೆಚ್ಚಿನವರ ತಿಳಿವಳಿಕೆ. ಆದರೆ ಮೊದಲಿಗೆ ಆ ಪದ ಸೂಚಿಸುತ್ತಿದ್ದುದು ಸ್ವಾತಂತ್ರ್ಯವನ್ನು, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ಹಾಡನ್ನು ಮುದ್ರಿಸಿ ಮಾರುವ ಕ್ರಮವನ್ನು. 1977ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ತಂಡ ಸಾಲ ಮಾಡಿದ 500 ಪೌಂಡುಗಳಲ್ಲಿ ತನ್ನ ಮುದ್ರಿಕೆಯನ್ನು ತಾನೇ ಹೊರತಂದು ದಾರಿ ತೋರಿಸಿತು. 1978ರಲ್ಲಿ ಸ್ಕ್ರಿಟಿ ಪೊಲಿಟಿ ಎಂಬ ತಂಡ ತನ್ನ ಮೊದಲ ಮುದ್ರಿಕೆಯ ಹೊದಿಕೆಯ ಮೇಲೆ ಅದನ್ನು ತಯಾರಿಸಲು ತಗುಲಿದ ಖರ್ಚಿನ ಲೆಕ್ಕವನ್ನೇ ಅಚ್ಚುಹಾಕಿಸಿತು. ನೀವೂ ಮಾಡಬಹುದು, ಇಷ್ಟೇ ಖರ್ಚು ಎಂಬುದು ಅದರ ಸಂದೇಶ.

ಈ ಚಳವಳಿಯ ಕೇಂದ್ರವಾಗಿದ್ದದ್ದು ಪಶ್ಚಿಮ ಲಂಡನ್ನಿನ ರಫ್ ಟ್ರೇಡ್. 1976ರಲ್ಲಿ ಜೆಫ್ ಟ್ರ್ಯಾವಿಸ್ ತೆರೆದ ಈ ಅಂಗಡಿ ಎರಡು ವರ್ಷಗಳಲ್ಲಿ ಸ್ವತಃ ಮುದ್ರಿಕೆಗಳನ್ನು ಹೊರತರಲು ಆರಂಭಿಸಿತು. ಖರ್ಚು ಕಳೆದು ಉಳಿದ ಲಾಭದಲ್ಲಿ ಕಂಪನಿಗೆ ಅರ್ಧ, ಕಲಾವಿದರಿಗೆ ಅರ್ಧ ಎಂಬುದು ಅವರ ಕರಾರು. ಸಂಗೀತಗಾರರಿಗೆ ಮಾರಾಟದ ಸಣ್ಣದೊಂದು ಪಾಲನ್ನಷ್ಟೇ ಕೊಡುತ್ತಿದ್ದ ಉದ್ಯಮದಲ್ಲಿ ಇದೊಂದು ಸಣ್ಣ ಕ್ರಾಂತಿಯೇ ಸರಿ. 1979ರಲ್ಲಿ ಇವರು ಹೊರತಂದ ಸ್ಟಿಫ್ ಲಿಟಲ್ ಫಿಂಗರ್ಸ್ ತಂಡದ ಆಲ್ಬಂ ಬ್ರಿಟನ್ನಿನ ಮುಖ್ಯ ಪಟ್ಟಿಯಲ್ಲಿ 14ನೇ ಸ್ಥಾನಕ್ಕೆ ಏರಿ ಎಲ್ಲರನ್ನೂ ಬೆರಗುಗೊಳಿಸಿತು. 1980ರ ಜನವರಿಯಿಂದ ಸ್ವತಂತ್ರ ಮುದ್ರಿಕೆಗಳಿಗೇ ಪ್ರತ್ಯೇಕ ಮಾರಾಟಪಟ್ಟಿಯೂ ಪ್ರಕಟವಾಗತೊಡಗಿತು.

1979ರಲ್ಲಿ ಕಾರ್ಡಿಫ್‌ನ ಕೆಲವು ತಂಡಗಳು ಸೇರಿ ಒಂದು ಸಂಕಲನ ಆಲ್ಬಂ ಹೊರತಂದವು. ಅದರಲ್ಲಿದ್ದ ಯಂಗ್ ಮಾರ್ಬಲ್ ಜಯಂಟ್ಸ್‌ನ ಹಾಡುಗಳು ರಫ್ ಟ್ರೇಡ್‌ನವರ ಕಿವಿಗೆ ಬಿದ್ದವು. ಪೂರ್ಣ ಆಲ್ಬಂ ಮಾಡೋಣ ಎಂಬ ಆಹ್ವಾನ ಬಂತು. ವೇಲ್ಸ್‌ನ ಹಳ್ಳಿಗಾಡಿನ ಸ್ಟುಡಿಯೊ ಒಂದರಲ್ಲಿ ಕೆಲವೇ ದಿನಗಳಲ್ಲಿ 15 ರಚನೆಗಳ ಮುದ್ರಣ ಮುಗಿಯಿತು. ಹಾಡುಗಳು ಮೊದಲೇ ತಿದ್ದಿ ತೀಡಿ ಸಿದ್ಧವಾಗಿದ್ದರಿಂದ ಸ್ಟುಡಿಯೊದಲ್ಲಿ ಸೇರಿಸುವುದಕ್ಕೂ ತೆಗೆಯುವುದಕ್ಕೂ ಹೆಚ್ಚೇನೂ ಇರಲಿಲ್ಲ. 1980ರ ಫೆಬ್ರುವರಿಯಲ್ಲಿ ‘ಕಲಾಸಲ್ ಯೂತ್’ ಬಿಡುಗಡೆಯಾಯಿತು. ಹೊದಿಕೆಯ ಮೇಲೆ ಕಪ್ಪುಬಿಳುಪಿನಲ್ಲಿ ಅರೆ ನೆರಳಿನ ಮೂರು ಮುಖಗಳು. ವಿಮರ್ಶಕರು ಮೆಚ್ಚಿದರು. ಬಿಬಿಸಿ ರೇಡಿಯೊದಲ್ಲಿ ಹೊಸಬರಿಗೆ ಬಾಗಿಲು ತೆರೆದಿಡುತ್ತಿದ್ದ ಜಾನ್ ಪೀಲ್ ತಮ್ಮ ಕಾರ್ಯಕ್ರಮಕ್ಕೆ ಕರೆದು ಹಾಡಿಸಿದರು. ಯುರೋಪಿನಿಂದ, ಅಮೆರಿಕದಿಂದ ಆಹ್ವಾನಗಳು ಬಂದವು.

ಅದೇ ವರ್ಷ ಹೊರಬಂದ ಕಿರುಮುದ್ರಿಕೆಯಲ್ಲಿ ‘ಫೈನಲ್ ಡೇ’ ಎಂಬ ಹಾಡಿದೆ. ಎರಡು ನಿಮಿಷಕ್ಕೂ ಕಡಿಮೆ ಅವಧಿ. ಅಣುಯುದ್ಧದ ದಿನ ಸಾಮಾನ್ಯ ಜನರ ಪಾಲಿಗೆ ಲೋಕ ಹೇಗೆ ಮುಗಿಯುತ್ತದೆ ಎಂಬುದು ವಸ್ತು. ಹಾಡಿನ ಉದ್ದಕ್ಕೂ ಒಂದೇ ಎತ್ತರದ ಸಣ್ಣ ಕೀರಲು ಸ್ವರ ಎಳೆದುಕೊಂಡೇ ಇರುತ್ತದೆ. ಆಲಿಸನ್ ಅಂಗಡಿಯ ಚೀಟಿ ಓದಿದಷ್ಟು ನಿರ್ವಿಕಾರವಾಗಿ ಹಾಡುತ್ತಾರೆ. ಇದನ್ನು ಕೇಳುವಾಗ ಕಾಲವನ್ನು ನೆನಪಿಡಬೇಕು. ಯುರೋಪಿನಲ್ಲಿ ಅಮೆರಿಕದ ಅಣ್ವಸ್ತ್ರ ಕ್ಷಿಪಣಿಗಳನ್ನು ಇಡಲು ನ್ಯಾಟೊ ಕೂಟ ನಿರ್ಧರಿಸಿದ್ದು 1979ರ ಡಿಸೆಂಬರಿನಲ್ಲಿ. ಅಣುಬಾಂಬ್ ಬಿದ್ದರೆ ಮನೆಯೊಳಗೆ ಹೇಗೆ ಅಡಗಬೇಕು ಎಂಬ ಕೈಪಿಡಿಯನ್ನು ಬ್ರಿಟಿಷ್ ಸರ್ಕಾರ ಮಾರಾಟಕ್ಕೆ ಇಟ್ಟದ್ದು 1980ರಲ್ಲಿ. 1981ರ ಆಗಸ್ಟ್ ಕೊನೆಯಲ್ಲಿ ಇದೇ ಕಾರ್ಡಿಫ್‌ನಿಂದ ಮಹಿಳೆಯರ ಸಣ್ಣ ಗುಂಪೊಂದು ಕ್ಷಿಪಣಿಗಳ ವಿರುದ್ಧ ಇಂಗ್ಲೆಂಡಿನ ಗ್ರೀನ್‌ಹ್ಯಾಮ್ ಕಾಮನ್ ವಾಯುನೆಲೆಯತ್ತ ಕಾಲ್ನಡಿಗೆಯಲ್ಲಿ ಹೊರಟಿತು. ಅಲ್ಲಿ ಅವರು ಹೂಡಿದ ಶಾಂತಿಶಿಬಿರ 2000ನೇ ಇಸವಿಯವರೆಗೆ ಉಳಿಯಿತು. ಹಾಡಿನಿಂದ ಆ ನಡಿಗೆ ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಒಂದೇ ಊರಿನ ಗಾಳಿಯಲ್ಲಿದ್ದ ಒಂದೇ ಭಯ ಒಂದು ಕಡೆ ಹಾಡಾಯಿತು, ಇನ್ನೊಂದು ಕಡೆ ಹೆಜ್ಜೆಯಾಯಿತು ಎನ್ನಬಹುದು.

ಆದರೆ ಆ ನಡಿಗೆ ಹೊರಡುವ ಹೊತ್ತಿಗೆ ತಂಡವೇ ಇರಲಿಲ್ಲ. 1980ರ ಕೊನೆಯ ಅಮೆರಿಕ ಪ್ರವಾಸದ ನಂತರ ಅದು ಚದುರಿಹೋಯಿತು. ಮರುವರ್ಷ ಬಂದ ಕೊನೆಯ ಕಿರುಮುದ್ರಿಕೆ ‘ಟೆಸ್ಟ್‌ಕಾರ್ಡ್’ನಲ್ಲಿ ಹಾಡುವ ದನಿಯೇ ಇಲ್ಲ, ಬರೀ ವಾದ್ಯಗಳು. ಟಿ.ವಿ.ಯಲ್ಲಿ ಕಾರ್ಯಕ್ರಮಗಳಿಲ್ಲದ ಹೊತ್ತಿನಲ್ಲಿ ತೆರೆಯ ಮೇಲಿನ ನಿಶ್ಚಲ ಚಿತ್ರದ ಹಿಂದೆ ಕೇಳಿಬರುತ್ತಿದ್ದ ಸಂಗೀತಕ್ಕೆ ಸಲ್ಲಿಸಿದ ಕಾಣಿಕೆ ಅದು. ಕೊನೆಯ ಮುದ್ರಿಕೆಗೆ ಇದಕ್ಕಿಂತ ಸೂಚಕವಾದ ಹೆಸರು ಸಿಗುವುದು ಕಷ್ಟ. ಕಾರ್ಯಕ್ರಮ ಮುಗಿದಿತ್ತು, ತೆರೆ ಮಾತ್ರ ಬೆಳಗುತ್ತಿತ್ತು.

ತಂಡ ಒಡೆದದ್ದೇಕೆ? ಹಣದ ಮೋಸವಿಲ್ಲ, ಮಾದಕವಸ್ತುಗಳ ದುರಂತವಿಲ್ಲ, ವೇದಿಕೆಯ ಮೇಲಿನ ಹೊಡೆದಾಟವಿಲ್ಲ. ಫಿಲಿಪ್ ಮತ್ತು ಆಲಿಸನ್ ಪ್ರೇಮಿಗಳಾಗಿದ್ದವರು. ತಂಡದಲ್ಲಿ ಆಲಿಸನ್ ಇರಬೇಕೆಂಬುದು ಫಿಲಿಪ್ ಆಗ್ರಹವಾಗಿತ್ತೇ ಹೊರತು ಸ್ಟೂವರ್ಟ್ ಅವರ ಮೊದಲ ಆಯ್ಕೆಯಾಗಿರಲಿಲ್ಲ. ತಾನು ಬರೆದ ಮಾತುಗಳು ಇನ್ನೊಬ್ಬರ ಬಾಯಲ್ಲಿ ಲೋಕಪ್ರಿಯವಾಗುವುದನ್ನು ನೋಡುವ ಕಷ್ಟ ಒಬ್ಬರದು. ತಾನು ಇಲ್ಲಿ ನಿಜಕ್ಕೂ ಬೇಕಾದವಳೇ ಎಂಬ ಅನುಮಾನ ಇನ್ನೊಬ್ಬರದು. ಇಬ್ಬರ ನಡುವೆ ನಿಂತ ಸಂಕಟ ಮೂರನೆಯವರದು. ನನಗೆ ಕಂಡ ಚಿತ್ರ ಇದು. ಮೂವರೂ ಮಿತಭಾಷಿಗಳು. ಮನಸ್ಸಿನಲ್ಲಿದ್ದುದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಲು ತಮಗೆ ಆಗ ಬರುತ್ತಿರಲಿಲ್ಲ ಎಂಬ ಧಾಟಿಯಲ್ಲೇ ಅವರು ನಂತರದ ವರ್ಷಗಳಲ್ಲಿ ಆ ದಿನಗಳನ್ನು ನೆನೆದಿದ್ದಾರೆ. ಹಾಡಿನಲ್ಲಿ ಏನನ್ನು ಬಿಡಬೇಕೆಂದು ಅಷ್ಟು ಚೆನ್ನಾಗಿ ಬಲ್ಲವರು, ಬದುಕಿನಲ್ಲಿ ಬಿಡಬಾರದ ಮಾತನ್ನೂ ಬಿಟ್ಟರು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. ತೊಂಬತ್ತರ ದಶಕದ ಆರಂಭದಲ್ಲಿ ಮೈಸೂರಿನಲ್ಲಿ ನಾವು ಮೂವರು ಗೆಳೆಯರು ಸೇರಿ ಒಂದು ಕಿರುಪತ್ರಿಕೆ ಹೊರತರುತ್ತಿದ್ದೆವು. ಒಬ್ಬನು ಚಿತ್ರ ಬರೆಯುತ್ತಿದ್ದ, ಒಬ್ಬನು ಅಚ್ಚುಮೊಳೆ ಜೋಡಿಸುವವರ ಪಕ್ಕ ಕೂತು ಕರಡು ತಿದ್ದುತ್ತಿದ್ದ, ಸಂಪಾದಕನೆಂಬ ಹೆಸರು ನನ್ನದು. ಐದು ಸಂಚಿಕೆಗಳು ಬಂದವು. ಆರನೆಯದು ಬರಲಿಲ್ಲ. ಪತ್ರಿಕೆ ನಿಂತದ್ದು ಕಾಗದದ ಬೆಲೆಯಿಂದ ಎಂದೇ ನಾನು ಬಹುಕಾಲ ಎಲ್ಲರಿಗೂ ಹೇಳಿಕೊಂಡು ಬಂದೆ. ನಿಜ ಬೇರೆ. ಚಂದಾದಾರರು ಸಂಪಾದಕನನ್ನು ಹೊಗಳಿ ಬರೆದ ಪತ್ರಗಳನ್ನು ನಾನು ಉಳಿದಿಬ್ಬರಿಗೆ ಓದಿ ಹೇಳುತ್ತಿದ್ದೆ. ಅವರು ಕೇಳಿಸಿಕೊಂಡು ಸುಮ್ಮನಿರುತ್ತಿದ್ದರು. ಆ ಸುಮ್ಮನಿರುವಿಕೆಯನ್ನು ನಾನು ಒಪ್ಪಿಗೆ ಎಂದುಕೊಂಡೆ. ಒಂದು ದಿನ ಇಬ್ಬರೂ ಬರುವುದನ್ನು ನಿಲ್ಲಿಸಿದರು. ನಾನೂ ಹೋಗಿ ಕೇಳಲಿಲ್ಲ. ಹೀಗಾಗಿ ಕಾರ್ಡಿಫ್‌ನ ಆ ಮೂವರ ಕಥೆ ನನಗೆ ಕೇವಲ ಪರದೇಶದ ಸಂಗೀತದ ಇತಿಹಾಸವಾಗಿ ಉಳಿಯಲಿಲ್ಲ.

ಮುಂದೆ ಮೂವರ ದಾರಿಗಳೂ ಬೇರೆಯಾದವು. ಸ್ಟೂವರ್ಟ್ ‘ದ ಜಿಸ್ಟ್’ ಎಂಬ ಹೆಸರಿನಲ್ಲಿ ಹಾಡು ಮುಂದುವರಿಸಿದರು. ಜೊತೆಗೆ ಹೊಟ್ಟೆಪಾಡಿಗೆ ಅನಿಮೇಷನ್ ಚಿತ್ರಗಳಿಗೆ ಬಣ್ಣ ತುಂಬುವ ಕೆಲಸ ಮಾಡಿದರು. 1988ರ ‘ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್’ ಚಿತ್ರದಲ್ಲಿ ಅವರ ಕೈಯ ಬಣ್ಣವೂ ಇದೆ. ಆಲಿಸನ್ ‘ವೀಕೆಂಡ್’ ಎಂಬ ತಂಡ ಸೇರಿ 1982ರಲ್ಲಿ ಜಾಜ್ ಛಾಯೆಯ ಒಂದು ಆಲ್ಬಂ ಮಾಡಿದರು. ನಂತರ ಕಾರ್ಡಿಫ್‌ಗೆ ಮರಳಿ, ಬೆನ್ನು ಮತ್ತು ಕೀಲುಗಳ ನೋವಿಗೆ ಕೈಯಿಂದ ಚಿಕಿತ್ಸೆ ನೀಡುವ ಕೈರೋಪ್ರ್ಯಾಕ್ಟಿಕ್ ಕಲಿತು ಅದನ್ನೇ ವೃತ್ತಿಯಾಗಿಸಿಕೊಂಡರು. ಫಿಲಿಪ್ ಬೇರೆ ಬೇರೆ ತಂಡಗಳಲ್ಲಿ ಬಾಸ್ ನುಡಿಸಿದರು. ಯಾರೂ ಶ್ರೀಮಂತರಾಗಲಿಲ್ಲ. ಯಾರೂ ತಮ್ಮ ಹಳೆಯ ಹೆಸರನ್ನು ಮಾರುಕಟ್ಟೆಯಲ್ಲಿ ಕೂಗಿ ಮಾರಲಿಲ್ಲ.

ಖ್ಯಾತಿ ಬಂದದ್ದು ಅನಿರೀಕ್ಷಿತ ಮೂಲೆಯಿಂದ. ತೊಂಬತ್ತರ ದಶಕದಲ್ಲಿ ಜಗತ್ತಿನ ಅತ್ಯಂತ ಗದ್ದಲದ ರಾಕ್ ತಂಡಗಳಲ್ಲಿ ಒಂದಾದ ನಿರ್ವಾಣದ ಕರ್ಟ್ ಕೊಬೇನ್, ತಾನು ಅತಿಯಾಗಿ ಮೆಚ್ಚಿದ ಆಲ್ಬಮ್ಮುಗಳ ಪಟ್ಟಿಯಲ್ಲಿ ‘ಕಲಾಸಲ್ ಯೂತ್’ ಅನ್ನು ಸೇರಿಸಿದ್ದ. ಅವನ ಪತ್ನಿ ಕೋರ್ಟ್ನಿ ಲವ್ ಅವರ ‘ಹೋಲ್’ ತಂಡ ಆ ಆಲ್ಬಮ್ಮಿನ ಒಂದು ಹಾಡನ್ನು ತನ್ನ ‘ಲಿವ್ ಥ್ರೂ ದಿಸ್’ನಲ್ಲಿ ಹಾಡಿತು. ಸಭ್ಯಲೋಕದ ಮನ್ನಣೆಗಾಗಿ ಹಂಬಲಿಸುವುದನ್ನು ಕುಟುಕುವ ಆ ಹಾಡು ಅಲ್ಲಿ ಗಿಟಾರುಗಳ ಆರ್ಭಟವಾಗಿ ಮಾರ್ಪಟ್ಟಿತು. 1994ರ ಏಪ್ರಿಲ್‌ನಲ್ಲಿ, ಕೊಬೇನ್ ಆತ್ಮಹತ್ಯೆ ಮಾಡಿಕೊಂಡ ಮರುವಾರ, ಆ ಆಲ್ಬಂ ಬಿಡುಗಡೆಯಾಯಿತು. ಪಿಸುಮಾತಿನ ಹಾಡು ಹದಿನಾಲ್ಕು ವರ್ಷಗಳ ನಂತರ ಕೂಗಾಗಿ ಲಕ್ಷಾಂತರ ಕಿವಿಗಳನ್ನು ತಲುಪಿತು. ಆ ಕೂಗಿನ ಮೂಲ ಹುಡುಕುತ್ತ ಹೊರಟ ಅನೇಕರು ಪಿಸುಮಾತಿಗೆ ಬಂದು ನಿಂತರು.

ನಾನು ಸ್ಪಿಲರ್ಸ್ ಅಂಗಡಿಗೆ ಕಾಲಿಟ್ಟ 2007ರಲ್ಲಿ ಎರಡು ಸಂಗತಿಗಳು ನಡೆದಿದ್ದವು. ಡಾಮಿನೊ ಕಂಪನಿ ತಂಡದ ಮುದ್ರಿಕೆಗಳನ್ನು ಒಟ್ಟುಗೂಡಿಸಿ ಮರುಬಿಡುಗಡೆ ಮಾಡಿತ್ತು. ಅದೇ ಮೇ ತಿಂಗಳಲ್ಲಿ ವೇಲ್ಸ್ ಗಡಿಯ ಹೇ-ಆನ್-ವೈ ಎಂಬ ಪುಸ್ತಕಗಳ ಊರಿನ ಸಾಹಿತ್ಯೋತ್ಸವದಲ್ಲಿ ಮೂವರೂ ಮತ್ತೆ ಒಂದೇ ವೇದಿಕೆ ಏರಿದ್ದರು. ಆಮೇಲೆ ಆಗೊಮ್ಮೆ ಈಗೊಮ್ಮೆ ನುಡಿಸಿದರು. 2015ರಲ್ಲಿ ಡೇವಿಡ್ ಬರ್ನ್ ಅವರ ಆಹ್ವಾನದ ಮೇರೆಗೆ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿಯೂ ಹಾಡಿದರು. ಎರಡನೆಯ ಆಲ್ಬಂ ಮಾತ್ರ ಬರಲೇ ಇಲ್ಲ.

ಬೇಗ ಮುಗಿದ ಕಲೆಯನ್ನು ವೈಭವೀಕರಿಸುವುದು ಸುಲಭ. ಅರಳಿದ ಕೂಡಲೇ ಉದುರಿದ ಹೂವಿನ ಉಪಮೆ ಕವಿಗಳಿಗೆ ಪ್ರಿಯವಾದದ್ದು. ಎರಡನೆಯ ಆಲ್ಬಂ ಬಂದಿದ್ದರೆ ಮೊದಲನೆಯದರ ಹೊಳಪು ಮಾಸುತ್ತಿತ್ತು ಎನ್ನುವವರೂ ಇದ್ದಾರೆ. ನನಗೆ ಈ ವಾದ ಒಪ್ಪಿಗೆಯಿಲ್ಲ. ದೂರ ಕೂತು ಕೇಳುವವರಿಗೆ ಅಪೂರ್ಣತೆಯಲ್ಲಿ ಸೌಂದರ್ಯ ಕಾಣುತ್ತದೆ. ಒಳಗಿದ್ದವರಿಗೆ ಅದು ವರ್ಷಗಟ್ಟಲೆ ಕಾಡುವ ನಷ್ಟ. ಆ ಹದಿನೈದು ರಚನೆಗಳಿಗೆ ಏನೂ ಕಡಿಮೆಯಿಲ್ಲ ಎಂಬುದು ಎಷ್ಟು ನಿಜವೋ, ಮೂವರು ಒಂದು ಸಂಜೆ ಎದುರುಬದುರು ಕೂತು ಮಾತಾಡಿದ್ದರೆ ಇನ್ನೂ ಹದಿನೈದು ಹುಟ್ಟಬಹುದಿತ್ತು ಎಂಬುದೂ ಅಷ್ಟೇ ನಿಜ. ಸಂಗೀತದಲ್ಲಿ ಮೌನಕ್ಕೆ ಬೆಲೆಯಿರುವುದು ಅದರ ಎರಡೂ ಬದಿಗೆ ಸ್ವರಗಳಿರುವುದರಿಂದ. ಮುಂದಿನ ಸ್ವರ ಬಾರದೇ ಹೋದರೆ ಅದು ಮೌನವಾಗಿ ಉಳಿಯುವುದಿಲ್ಲ, ಹಾಡು ನಿಂತಿದೆ ಎಂದಷ್ಟೇ ಅರ್ಥ.

ಕಾರ್ಡಿಫ್‌ನಿಂದ ಮರಳಿದ ಮೇಲೆ ಚಿತ್ರ ಬರೆಯುತ್ತಿದ್ದ ಆ ಗೆಳೆಯನ ದೂರವಾಣಿ ಸಂಖ್ಯೆ ಹುಡುಕಿ ಕರೆ ಮಾಡಿದೆ. ದನಿ ಗುರುತು ಹಿಡಿದ. ಮಕ್ಕಳ ಓದು, ಅಮ್ಮನ ಮಂಡಿನೋವು, ಮೈಸೂರಿನ ವಾಹನದಟ್ಟಣೆ ಎಲ್ಲ ಮಾತಾಡಿದೆವು. ಪತ್ರಿಕೆಯ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಫೋನ್ ಇಟ್ಟ ಮೇಲೆ ನಾಚಿಕೆಯಾಯಿತು. ಮರುವಾರ ಬಸ್ಸು ಹತ್ತಿ ಅವನ ಮನೆಗೇ ಹೋದೆ. ಚಹಾ ಬರುವ ಮುಂಚೆಯೇ, ಆ ಪತ್ರಗಳನ್ನು ನಾನು ಹಾಗೆ ಓದಬಾರದಿತ್ತು ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಈ ಸಲ ನಾನು ಕಾದೆ.